ಹೆಬ್ಬೆರಳಿನ ಮೊಲ

ಲ್ಯಾಬಿನ ಮೊಲಕ್ಕೆ ಹೆಸರಿಡಬಾರದು. ಇದು ಅಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಮಾತಂತೆ. ರಾಜಶ್ರೀಗೂ ಗೊತ್ತಿತ್ತು, ಆದರೂ ಇಟ್ಟಳು. ಅವಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಮೊದಲ ವಾರವೇ ನೀರೆತ್ತುವ ಮೋಟಾರಿಗೆ ‘ಮುದುಕಪ್ಪ’ ಎಂದು ಹೆಸರಿಟ್ಟವಳು ಅವಳು. ಕೆಮ್ಮದೆ ಅದು ಶುರುವಾಗುತ್ತಿರಲಿಲ್ಲ, ನಿಜ.

ನಮ್ಮದು ಸುದ್ದಗುಂಟೆಪಾಳ್ಯ. ಆಗಿನ್ನೂ ತೊಂಬತ್ತಾರನೇ ಇಸವಿ. ಬಿ.ಟಿ.ಎಂ. ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಇನ್ನೂ ಹಸು ಕಟ್ಟುವ ಮನೆಗಳಿದ್ದವು. ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ಅಮ್ಮ ರುದ್ರಮ್ಮ ಮತ್ತು ನಾನು, ಇಬ್ಬರೇ. ನಾನು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಹೆಸರು ಕಮಲಾದೇವಿ. ಬಾಯಿ ಜೋರು ಎಂದು ಬೀದಿಯವರು ಹೇಳುತ್ತಾರೆ, ನಾನು ಅಲ್ಲಗಳೆಯುವುದಿಲ್ಲ.

ರಾಜಶ್ರೀ ಹುನಗುಂದದ ಕಡೆಯ ಹುಡುಗಿ. ಹಣೆಯಲ್ಲಿ ತೆಳುವಾಗಿ ವಿಭೂತಿ, ಕೈಯಲ್ಲಿ ಒಂದು ಟ್ರಂಕು, ಜೊತೆಗೆ ಅವಳವ್ವ ಕೆಂಚವ್ವ. ಅಮ್ಮನಿಗೆ ನೋಡಿದ ಕೂಡಲೇ ಹಿಡಿಸಿತು, ಬೀಗದ ಕೈ ಕೊಟ್ಟೇಬಿಟ್ಟಳು. ಆಮೇಲೆ ಸುಮ್ಮನಿರದೆ, “ಏನು ಕೆಲ್ಸಮ್ಮ ನಿಂದು?” ಎಂದು ಕೇಳಿದಳು.

“ಮೊಲದ ರಕ್ತ ತಗೀತೇನ್ರಿ,” ಎಂದಳು ಈ ಪುಣ್ಯಾತ್ಗಿತ್ತಿ.

ಅಮ್ಮ ಕೈ ಚಾಚಿ ಬೀಗದ ಕೈ ವಾಪಸ್ಸು ಇಸಿದುಕೊಂಡಳು.

ಅದು ಮತ್ತೆ ರಾಜಶ್ರೀಯ ಕೈಸೇರಿದ್ದು ಪಕ್ಕದ ಮನೆಯ ಸಪ್ಪಲಮ್ಮನ ಹಸುವಿನಿಂದ. ಆ ಹಸುವಿಗೆ ಕಾಲುಬಾಯಿ ಜ್ವರ ಬಂದು ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಗೊರಸಿನ ಸಂದಿಯಲ್ಲಿ ಹುಣ್ಣು. ತಾಯಿ ಮಗಳು ಅಂಗಳದಲ್ಲಿ ಟ್ರಂಕಿನ ಮೇಲೆ ಕೂತು, ಎಲ್ಲಿಗೆ ಹೋಗುವುದು ಎಂದು ಯೋಚಿಸುತ್ತಿದ್ದವರು ಹಸು ಕುಂಟುವುದನ್ನು ನೋಡಿ ಎದ್ದುಹೋದರು. ಕೆಂಚವ್ವ ಮುಖ ಹಿಡಿದಳು, ರಾಜಶ್ರೀ ಉಪ್ಪುನೀರಲ್ಲಿ ಗೊರಸು ತೊಳೆದಳು. ವಾಪಸ್ಸು ಬಂದು ಕಾಲು ತೊಳೆದುಕೊಳ್ಳುತ್ತಾ ಹೇಳಿದಳು, “ನನ್ನ ಕೆಲಸ ಇದಕ್ಕ ನೋಡ್ರಿ ಅಮ್ಮಾರ. ಈ ಬ್ಯಾನಿ ಹ್ಯಾಂಗ ಹಬ್ಬತೈತಿ ಅಂತ ನೋಡೂದು. ಮೊಲ ಅದಕ್ಕ ಬೇಕಾಗೇತ್ರಿ.” ಅಮ್ಮ ಬೀಗದ ಕೈ ಕೊಟ್ಟು ಒಳಗೆ ಹೋಗಿ ಒಲೆಯ ಮೇಲೆ ಹಾಲಿಟ್ಟಳು.

ಅವಳ ಲ್ಯಾಬು ಬನಶಂಕರಿಯಲ್ಲಿತ್ತು. ಒಂದು ಸಣ್ಣ ಸಂಶೋಧನಾ ಕೇಂದ್ರ. ಹೆಸರು ಯಾಕೆ ಈಗ. ಅಲ್ಲಿ ಡಾಕ್ಟರ್ ವಿಜಯಕುಮಾರ್ ಎನ್ನುವವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು. ಅದೇನು ಓದು ಎಂದು ನನಗೆ ತಿಳಿದದ್ದು ಒಂದು ಭಾನುವಾರ ಊಟದ ಹೊತ್ತಿಗೆ. ಊರಿಂದ ಬಂದ ಜೋಳದ ರೊಟ್ಟಿ ಮುರಿಯುತ್ತಾ ಕೂತಿದ್ದೆವು. ಅವಳು ನನ್ನ ಬಲಗೈ ಹಿಡಿದು, ಪೆನ್ನು ಹಿಡಿಯುವ ಹಾಗೆ ಅರ್ಧ ಮಡಿಸಿದಳು.

“ವೈರಸ್ಸಿಗೆ ಮೈ ಅಂಬೂದ ಇಲ್ರಿ ಅಕ್ಕಾ. ಬರೇ ಒಂದು ಬರಹ. ಅದು ಹಸುವಿನ ಮೈಯೊಳಗ ಹೊಕ್ಕು ತನ್ನ ಬರಹಾನ ಸಾವಿರ ಸಲ ನಕಲು ಮಾಡಸ್ತೈತಿ. ಹಂಗ ನಕಲು ಮಾಡೂ ಕಿಣ್ವ ಒಂದೈತಿ. ಅದರ ಆಕಾರ ಹಿಂಗ, ಬಲಗೈ ಇದ್ದಂಗ. ಬೆರಳು, ಅಂಗೈ, ಹೆಬ್ಬೆರಳು.”

“ಸರಿ, ನೀನೇನು ಮಾಡ್ತೀಯ ಅದನ್ನ?”

“ನಾ ಅದರ ಒಂದೊಂದ ಜಾಗಾ ಹಿಡಕೊಂತೇನ್ರಿ.” ನನ್ನ ಬೆರಳು ಹಿಡಿದಳು. “ಬೆರಳ ಹಿಡದ್ರ ಬರೀತೈತೇನು?” ಅಂಗೈ ಹಿಡಿದಳು. “ಅಂಗೈ ಹಿಡದ್ರ?” ಹೆಬ್ಬೆರಳು ಅದುಮಿದಳು. “ಇದನ್ನ ಹಿಡದ್ರ? ಯಾವುದನ್ನ ಹಿಡದ್ರ ಬರಿಯೂದು ನಿಲ್ಲತೈತಿ ಅಂತ ಗೊತ್ತಾದ್ರ, ಮುಂದ ಯಾರರ ಅಲ್ಲಿ ಹೋಗಿ ಕೂಡುವಂಥ ಔಷಧ ಮಾಡಬಹುದು.”

ಹಾಗೆ ಹಿಡಿಯುವುದು ಪ್ರತಿಕಾಯ. ಅದನ್ನು ತಯಾರಿಸಿಕೊಡುವುದು ಮೊಲ. ಕಿಣ್ವದ ಹೆಬ್ಬೆರಳಿನ ಒಂದು ಚೂರನ್ನಷ್ಟೇ ಮೊಲಕ್ಕೆ ಚುಚ್ಚಿದರೆ, ಅದರ ಮೈ ‘ಇದು ನನ್ನದಲ್ಲ’ ಎಂದು ಗುರುತಿಸಿ, ಆ ಚೂರನ್ನು ಮಾತ್ರ ಹುಡುಕಿ ಹಿಡಿಯುವ ಪ್ರತಿಕಾಯ ಮಾಡುತ್ತದೆ. ಆಮೇಲೆ ಕಿವಿಯ ನರದಿಂದ ಒಂದಿಷ್ಟು ರಕ್ತ ತೆಗೆದರೆ ಅದರಲ್ಲಿ ಅದು ಸಿಗುತ್ತದೆ. ಮೊಲಕ್ಕೆ ವೈರಸ್ ಸೋಕುವುದಿಲ್ಲ, ರೋಗ ಬರುವುದಿಲ್ಲ. ಮೂರು ಚೂರಿಗೆ ಮೂರು ಮೊಲ. ಬೆರಳಿನ ಮೊಲ, ಅಂಗೈ ಮೊಲ, ಹೆಬ್ಬೆರಳಿನ ಮೊಲ. ಹೀಗೆ ಕರೆದವನು ಮೊಲ ನೋಡಿಕೊಳ್ಳುತ್ತಿದ್ದ ನಿಂಗರಾಜ, ಗದಗಿನ ಕಡೆಯವನು. ಸೂಜಿ ಚುಚ್ಚುವವಳು ರಾಜಶ್ರೀ. ಅವನು ಮೊಲವನ್ನು ಟವೆಲಿನಲ್ಲಿ ಸುತ್ತಿ, ಮಗುವನ್ನು ಹಿಡಿದ ಹಾಗೆ ಎದೆಗೆ ಒತ್ತಿ ಹಿಡಿಯುತ್ತಿದ್ದನಂತೆ. ಸೋಮವಾರ ಮಾತ್ರ ಇಬ್ಬರೂ ಸೂಜಿ ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಲ್ಲ, ಅದೇ ಲೆಕ್ಕ.

ಕೆಲಸ ಸುಲಭಕ್ಕೆ ಕೈಹತ್ತಲಿಲ್ಲ. ಬೆರಳಿನ ಪ್ರತಿಕಾಯ ಹೋಗಿ ಹಿಡಿಯುತ್ತಿತ್ತು, ಆದರೆ ಕಿಣ್ವ ತನ್ನ ಪಾಡಿಗೆ ನಕಲು ಮಾಡುತ್ತಲೇ ಇತ್ತು. ಅಂಗೈಯದು ಸರಿಯಾಗಿ ಹಿಡಿಯುತ್ತಲೂ ಇರಲಿಲ್ಲ. ಒಂದು ಸಂಜೆ ರಾಜಶ್ರೀ ಎಕ್ಸ್‌ರೇ ಫಿಲ್ಮಿನಂಥದ್ದೊಂದನ್ನು ಹಿಡಿದುಕೊಂಡು ಸೀದಾ ನಮ್ಮ ಅಂಗಡಿಗೇ ಬಂದಳು. ಬೋರ್ಡಿಗೆ ಹಾಕಿದ್ದ ದೀಪದ ಮುಂದೆ, ಗಿರಾಕಿಗಳು ಅಕ್ಷರ ಓದುವ ಜಾಗದಲ್ಲೇ, ಅದನ್ನು ಎತ್ತಿ ಹಿಡಿದಳು. ಕಿಣ್ವ ಕೆಲಸ ಮಾಡಿದ ಕಡೆಯೆಲ್ಲ ಕಪ್ಪು ಗೆರೆ ಇತ್ತು. ಒಂದು ಕಡೆ ಏನೂ ಇರಲಿಲ್ಲ.

“ಇಲ್ಲಿ ಏನೂ ಕಾಣ್ತಿಲ್ವಲ್ಲೇ,” ಎಂದೆ.

“ಅದ ರೀ ಅಕ್ಕಾ. ಏನೂ ಇಲ್ಲ. ಹೆಬ್ಬೆರಳ ಹಿಡದ ಕೂಡಲೆ ನಿಂತುಬಿಟ್ಟೈತಿ.” ಅವಳ ಕಣ್ಣಲ್ಲಿ ನೀರಿತ್ತು. ಚುಚ್ಚುವ ಮುಂಚೆ ಅದೇ ಮೊಲದಿಂದ ತೆಗೆದಿಟ್ಟ ರಕ್ತದಲ್ಲೂ ಪರೀಕ್ಷೆ ಮಾಡಿದ್ದಳು. ಅದರಲ್ಲಿ ಕಪ್ಪು ಗೆರೆ ಮೊದಲಿನಂತೆಯೇ ಬಂದಿತ್ತು. ಎಂದರೆ ಇದು ನಿಜಕ್ಕೂ ಹೆಬ್ಬೆರಳಿನ ಪ್ರತಿಕಾಯದ್ದೇ ಕೆಲಸ. ನಾನು ಅಂಗಡಿ ಮುಚ್ಚಿಸಿ ಅವಳಿಗೆ ಮಸಾಲೆ ದೋಸೆ ಕೊಡಿಸಿದೆ.

ಆ ವಾರವೇ ಹೆಬ್ಬೆರಳಿನ ಮೊಲಕ್ಕೆ ‘ಬಸವ’ ಎಂದು ಹೆಸರಾಯಿತು. ಬಿಳಿ ಮೈ, ಕೆಂಪು ಕಣ್ಣು, ಒಂದು ಕಿವಿ ಸ್ವಲ್ಪ ವಾಲಿಕೊಂಡಿತ್ತು. ನಾನು ಅದನ್ನು ಮೊದಲು ನೋಡಿದ್ದು ತೊಂಬತ್ತೆಂಟರ ಆಯುಧಪೂಜೆಯ ದಿನ. ಲ್ಯಾಬಿನಲ್ಲಿ ಪ್ರತಿ ವರ್ಷ ಪೂಜೆ ಜೋರು. ಮನೆಯವರನ್ನೂ ಕರೆಯುತ್ತಿದ್ದರು. ಗಿರಗಿರ ತಿರುಗುವ ಯಂತ್ರಗಳಿಗೆಲ್ಲ ಅರಿಶಿನ ಕುಂಕುಮ, ಫ್ರಿಜ್ಜಿನ ಬಾಗಿಲಿಗೆ ಚೆಂಡುಹೂವಿನ ಮಾಲೆ, ಗೇಟಿನ ಬಳಿ ಒಡೆದ ಬೂದುಗುಂಬಳ. ವಿಜಯಕುಮಾರ್ ಅವರನ್ನೂ ಅಂದೇ ನೋಡಿದ್ದು. ದಾವಣಗೆರೆ ಕಡೆಯವರು, ನಮ್ಮವರೇ, ಹಣೆತುಂಬ ವಿಭೂತಿ. ಮಾತು ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ನನಗೂ ಒಳ್ಳೆಯವರೆಂದೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಯಂತ್ರಗಳಿಗೆಲ್ಲ ಮಂಗಳಾರತಿ ಆದಮೇಲೆ ರಾಜಶ್ರೀ ಮೆಲ್ಲಗೆ ಕೇಳಿದಳು. “ಸರ್, ಮೊಲಗಳಿಗೂ ಮಾಡೋಣ್ರಿ? ಅವೂ ದುಡದಾವಲ್ರಿ.”

ಎಲ್ಲರೂ ನಕ್ಕರು. ವಿಜಯಕುಮಾರ್ ಮಾತ್ರ, “ನಡೀಮ್ಮ, ಅದಕ್ಕೇನಂತೆ,” ಎಂದು ತಟ್ಟೆ ಹಿಡಿದು ಮಹಡಿಯ ಮೇಲಿನ ಮೊಲದ ಕೋಣೆಗೆ ಹೊರಟರು. ಹಿಂದೆ ನಾವೆಲ್ಲ ಹೋದೆವು. ಬಸವನ ಪಂಜರಕ್ಕೆ ಅವರೇ ಕೈಯಾರೆ ಕುಂಕುಮ ಹಚ್ಚಿದರು, ಒಂದು ಹೂ ಸಿಕ್ಕಿಸಿದರು. ರಾಜಶ್ರೀ ಅವರ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಒಂದು ಹೆದರಿಕೆ ಇತ್ತು. ನನಗೂ ಆಗ ಅದು ಗೊತ್ತಿರಲಿಲ್ಲ. ಇಂಥ ಕೆಲಸದಲ್ಲಿ ಪ್ರಾಜೆಕ್ಟ್ ಮುಗಿಯುವಾಗ ಕೊನೆಯ ರಕ್ತ ಎಂದು ಒಂದಿದೆಯಂತೆ. ಮೊಲಕ್ಕೆ ಮತ್ತು ಬರಿಸಿ ಮೈಯಲ್ಲಿರುವ ರಕ್ತವನ್ನೆಲ್ಲ ಒಂದೇ ಸಲ ತೆಗೆದುಬಿಡುವುದು. ಮೊಲ ಅಲ್ಲಿಗೆ ಮುಗಿಯಿತು. ಅದೇ ಪದ್ಧತಿ.

ವಿಜಯಕುಮಾರ್‌ಗೆ ಅವಳ ಮನಸ್ಸು ಅರ್ಥವಾಯಿತೋ ಏನೋ. ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದರು, “ಇವತ್ತಿಂದ ಇವನು ನಮ್ಮ ಲ್ಯಾಬಿನ ಬಿಟ್ಟ ಬಸವ. ಇವನ ಕೊನೆ ರಕ್ತ ತೆಗೆಯೋ ಹಾಗಿಲ್ಲ. ಕೆಲ್ಸ ಮುಗಿದ ಮೇಲೆ ರಾಜಶ್ರೀ ಮನೆಗೆ ಕಳ್ಸೋಣ, ಆರಾಮಾಗಿ ತಿಂದ್ಕೊಂಡಿರ್ಲಿ.” ಎಲ್ಲರೂ ಚಪ್ಪಾಳೆ ತಟ್ಟಿದರು. ಪುಳಿಯೋಗರೆ ಹಂಚಿದರು.

ಬಿಟ್ಟ ಬಸವ ಎಂದರೆ ಏನೆಂದು ಗೊತ್ತಿಲ್ಲದವರು ಹಾಗೆ ಹೇಳಿದ್ದರೆ ತಮಾಷೆ ಎನ್ನಬಹುದಿತ್ತು. ದೇವರ ಹೆಸರಲ್ಲಿ ಊರಿಗೆ ಬಿಟ್ಟ ಗೂಳಿ ಅದು. ಅದನ್ನು ಕಟ್ಟುವುದಿಲ್ಲ, ಹೂಡುವುದಿಲ್ಲ, ಹೊಡೆಯುವುದಿಲ್ಲ. ಯಾರ ಹೊಲದಲ್ಲಿ ಮೇದರೂ ಬೈಯುವುದಿಲ್ಲ. ವಿಜಯಕುಮಾರ್ ದಾವಣಗೆರೆ ಸೀಮೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು, ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ. ರಾಜಶ್ರೀ ಅದನ್ನು ಮಾತು ಎಂದು ತೆಗೆದುಕೊಂಡಳು. ಹಬ್ಬದ ದಿನ, ಆರತಿ ತಟ್ಟೆ ಹಿಡಿದು, ಹತ್ತು ಜನರ ಮುಂದೆ ಹಿರಿಯರು ಆಡಿದ್ದು ಮಾತಲ್ಲದೆ ಮತ್ತೇನು? ನಮ್ಮಂಥವರು ಮಾಡುವ ತಪ್ಪೇ ಇದು.

ಅಂದಿನಿಂದ ಬಸವನಿಗಾಗಿ ನಮ್ಮ ಮನೆಯಲ್ಲಿ ತಯಾರಿ ಶುರುವಾಯಿತು. ಮೊಲದ ರಕ್ತ ಎಂದ ಕೂಡಲೇ ಬೀಗದ ಕೈ ಕಸಿದಿದ್ದ ಅಮ್ಮ ಹಿತ್ತಲಲ್ಲಿ ಬಡಗಿಯನ್ನು ಕೂರಿಸಿಕೊಂಡು ಹಳೇ ಬಾಗಿಲಿನ ಹಲಗೆಯಲ್ಲಿ ಗೂಡು ಮಾಡಿಸಿದಳು. ಮಳೆ ಹೊಡೆಯಬಾರದೆಂದು ತಗಡು, ಬೆಕ್ಕು ಬರಬಾರದೆಂದು ಜಾಲರಿ. ಮೂಲಂಗಿ ಹೆಚ್ಚುವಾಗ, “ಇನ್ಮೇಲೆ ಸೊಪ್ಪು ಬಿಸಾಕೋ ಹಾಗಿಲ್ಲ ನೋಡು,” ಎನ್ನುತ್ತಿದ್ದಳು. ಮದುವೆಯಾಗದ ಮಗಳು ಮನೆಯಲ್ಲಿದ್ದಾಳೆ, ಅವಳಿಗೆ ಗಂಡು ಹುಡುಕುವುದು ಬಿಟ್ಟು ಮೊಲಕ್ಕೆ ಮನೆ ಕಟ್ಟುತ್ತಿದ್ದಾಳೆ ಎಂದು ನಾನು ರೇಗಿಸುತ್ತಿದ್ದೆ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ರಾಜಶ್ರೀಯ ತಂಗಿಗೆ ಸೀಮಂತ ಗೊತ್ತಾಯಿತು. ಲ್ಯಾಬಿನಲ್ಲಿ ಕೆಲಸ ಬಾಕಿ ಇತ್ತು, ರಜೆ ಕೇಳಲು ಅವಳಿಗೆ ಸಂಕೋಚ. ಕೇಳುವ ಮುಂಚೆಯೇ ವಿಜಯಕುಮಾರ್ ಹೇಳಿದರಂತೆ, “ಹೋಗಿ ಬಾಮ್ಮ. ಒಂದು ಹತ್ತು ದಿನ ಇದ್ದು ಅಮ್ಮನ ಕೈ ಊಟ ಮಾಡ್ಕೊಂಡು ಬಾ. ಪ್ರಾಜೆಕ್ಟೂ ಮುಗೀತಾ ಬಂತು. ಬಂದ ತಕ್ಷಣ ನಿನ್ನ ಬಸವನ್ನ ಕರ್ಕೊಂಡು ಹೋಗುವಂತೆ.” ಅವಳು ಕುಣಿಯುತ್ತಾ ಮನೆಗೆ ಬಂದಳು. “ಸರ್ ಅಂದ್ರ ಸರ್ ರೀ ಅಕ್ಕಾ. ತಾವಾಗೇ ಹೇಳಿದ್ರು.” ಆ ಹತ್ತು ದಿನದಲ್ಲಿ ಅಮ್ಮ ಗೂಡಿಗೆ ಸುಣ್ಣ ಬಳಿಸಿದಳು.

ಊರಿಂದ ಬರುವಾಗ ರಾಜಶ್ರೀ ಅಮೀನಗಡದ ಕರದಂಟು ತಂದಳು. ನಮಗೊಂದು ಡಬ್ಬಿ, ಸರ್‌ಗೊಂದು ಡಬ್ಬಿ. ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಹೊರಟೇಬಿಟ್ಟಳು. ನಾನು ಅಂಗಡಿಗೆ ರಜೆ ಹಾಕಿ, ತರಕಾರಿ ತರುವ ಬೆತ್ತದ ಬುಟ್ಟಿಗೆ ಹಳೇ ಸೀರೆ ಹಾಸಿಕೊಂಡು ಜೊತೆಗೆ ಹೋದೆ. ಆಟೋದಲ್ಲಿ ಬುಟ್ಟಿ ನನ್ನ ತೊಡೆಯ ಮೇಲೆ, ಕರದಂಟು ಅವಳ ತೊಡೆಯ ಮೇಲೆ. ಯಡಿಯೂರು ಕೆರೆ ದಾಟುವಾಗ, ಬಸವನಿಗೆ ಆಟೋ ಸದ್ದು ಹೆದರಿಕೆ ಆಗಬಹುದು, ವಾಪಸ್ಸು ಬರುವಾಗ ನಿಧಾನ ಓಡಿಸಿ ಎಂದು ಡ್ರೈವರಿಗೆ ಮುಂಚೆಯೇ ಹೇಳಿಟ್ಟಳು.

ಮೊಲದ ಕೋಣೆಯಲ್ಲಿ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಮೂರೂ ಪಂಜರ ತೊಳೆದು ಬಿಸಿಲಿಗೆ ಮಗುಚಿ ಹಾಕಿದ್ದರು. ಒಂದರ ಮೇಲೆ ಹಳೇ ಕುಂಕುಮದ ಕಲೆ ಇನ್ನೂ ಇತ್ತು. ನಿಂಗರಾಜ ಮೂಲೆಯಲ್ಲಿ ನಿಂತಿದ್ದವನು ನಮ್ಮನ್ನು ನೋಡಿ ತಲೆ ತಗ್ಗಿಸಿದ.

“ಬಸವ ಎಲ್ಲಿ ನಿಂಗರಾಜಣ್ಣ?”

ಅವನು ನನ್ನ ಕೈಯಲ್ಲಿದ್ದ ಬುಟ್ಟಿ ನೋಡಿದ. “ಮೂರೂ ಹೋದ್ವು ಅಕ್ಕಾರ. ಹೋದ ಸೋಮವಾರ. ಹೊರದೇಶದವರು ಬಾಳ ರಕ್ತ ಕೇಳ್ಯಾರಂತ, ಪಾರ್ಸಲ್ ಮರುದಿನ ಹೋಗಬೇಕಂತ. ಸರ್ ಇವತ್ತ ಸೋಮವಾರ ಐತ್ರಿ, ಅದರಾಗ ಬಸವ ಐತ್ರಿ ಅಂತ ಹೇಳಿದೆ. ನಕ್ಕರು. ತಾವ ತಗದ್ರು.” ಆಮೇಲೆ, “ಹಿಡದಾಂವ ನಾನ ರೀ,” ಎಂದ.

ರಾಜಶ್ರೀ ಕೂಗಲಿಲ್ಲ, ಅಳಲಿಲ್ಲ. “ಅವತ್ತ ಹುಲ್ಲ ತಿಂದಿತ್ತೇನು?” ಎಂದು ಕೇಳಿದಳು.

“ತಿಂದಿತ್ರಿ.”

“ಮೈ ಎಲ್ಲೈತಿ?”

“ಸುಟ್ಟಾರ್ರಿ. ಸುಡೂದ ರೂಲ್ಸ್ ಅಂತ.”

ನನ್ನ ಮೈ ಉರಿದುಹೋಯಿತು. ಅವಳ ಕೈ ಹಿಡಿದು ಎಳೆದುಕೊಂಡು ಕೆಳಗಿನ ರೂಮಿಗೆ ನುಗ್ಗಿದೆ. ವಿಜಯಕುಮಾರ್ ಏನೋ ಓದುತ್ತಿದ್ದರು. ಕನ್ನಡಕ ತೆಗೆದು ನಕ್ಕರು. “ಬಂದ್ಯಾಮ್ಮ? ಫಂಕ್ಷನ್ ಚೆನ್ನಾಗಾಯ್ತಾ? ಓ, ಕರದಂಟು ತಂದಿದ್ದೀಯ.” ಅವಳ ಕೈಯಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟುಕೊಂಡರು.

“ಸರ್, ಬಸವ,” ಎಂದಳು ಅವಳು. ಅಷ್ಟೇ ಬಾಯಿಂದ ಬಂದದ್ದು.

“ಅದಾ. ನೋಡಮ್ಮ, ಪ್ರಾಜೆಕ್ಟ್ ಮುಗೀತು, ಮೊಲದ ರೂಮ್ ಖಾಲಿ ಮಾಡ್ಬೇಕಿತ್ತು. ಹೊರದೇಶದವ್ರಿಗೂ ಆ ರಕ್ತದ ಸೀರಂ ಜಾಸ್ತಿ ಬೇಕಿತ್ತು. ನೋವೇನೂ ಆಗಿಲ್ಲ, ಮತ್ತು ಕೊಟ್ಟೇ ಮಾಡಿದ್ದು. ಈಗ ಫ್ರೀಜರಲ್ಲಿ ವರ್ಷಗಟ್ಟಲೆಗೆ ಆಗೋಷ್ಟು ಇದೆ, ನಿನ್ನ ಥೀಸಿಸ್‌ಗೂ ಒಳ್ಳೇದೇ ಅಲ್ವಾ?”

“ಮಾತ ಕೊಟ್ಟಿದ್ರಲ್ರಿ ಸರ್.”

“ನಿಂಗೆ ಬೇಜಾರಾಗುತ್ತೆ ಅಂತ ನಂಗೊತ್ತಿಲ್ವಾ? ಅದಕ್ಕೇ ಅಲ್ವಾ ನೀನು ಊರಿಗೆ ಹೋದಾಗ ಮಾಡಿದ್ದು,” ಎಂದರು, ತುಂಬ ಅಕ್ಕರೆಯಿಂದ.

ಒದ್ದೆ ಬಟ್ಟೆ ಹಾಕಿ ಕತ್ತು ಕೊಯ್ಯುವುದು ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡದ್ದು ಅಂದು. ರಜೆ ಕೊಟ್ಟದ್ದು ಅದಕ್ಕೆ. ಅಮ್ಮನ ಕೈ ಊಟ ಮಾಡಿಕೊಂಡು ಬಾ ಎಂದದ್ದು ಅದಕ್ಕೆ. ಇವಳು ಹುನಗುಂದದಲ್ಲಿ ಕೂತು ಸರ್‌ ಎಂಥ ದೇವರಂಥ ಮನುಷ್ಯ ಎಂದು ತಂಗಿಗೆ ಹೇಳುತ್ತಿದ್ದಾಗ ಇಲ್ಲಿ ಕೆಲಸ ಮುಗಿದಿತ್ತು. ನಾನು ಮೇಜಿನ ಮೇಲಿದ್ದ ಕರದಂಟಿನ ಡಬ್ಬಿ ಎತ್ತಿಕೊಂಡೆ. “ಇದು ನಿಮ್ಗಲ್ಲ ಸಾರ್, ತಪ್ಪಾಗಿ ಬಂತು,” ಎಂದೆ. ಇದಕ್ಕಿಂತ ಹೆಚ್ಚಿನದು ನನ್ನ ಬಾಯಿಗೆ ಬಂದಿತ್ತು, ರಾಜಶ್ರೀ ನನ್ನ ಸೆರಗು ಹಿಡಿದಿದ್ದಳು.

ಎರಡು ದಿನ ಬಿಟ್ಟು ಅವಳು ಥರ್ಮಾಸಿನಲ್ಲಿ ಐಸ್ ತುಂಬಿ ಅದರೊಳಗೆ ಒಂದು ಚಿಕ್ಕ ಟ್ಯೂಬ್ ಇಟ್ಟುಕೊಂಡು ಮನೆಗೆ ಬಂದಳು. ಯುಗಾದಿಯ ಹಿಂದೆ ಮುಂದೆ ಬಸವನ ಕಿವಿಯಿಂದ ತೆಗೆದದ್ದು. ಬದುಕಿದ್ದಾಗ ತಾನಾಗಿ ಕೊಟ್ಟದ್ದು ಎಂದು ಅವಳು ಹೇಳುತ್ತಿದ್ದಳು. ಅಂಥದ್ದು ಇನ್ನೂ ಕೆಲವಿದ್ದವು, ಥೀಸಿಸ್‌ಗೆ ಅಷ್ಟು ಸಾಕಂತೆ. ಇದೊಂದನ್ನು ಬೇರೆ ತೆಗೆದಿಟ್ಟಿದ್ದಳು.

“ಅಮ್ಮಾರ, ಹಿತ್ತಲದಾಗ ಒಂದೀಟ ಜಾಗಾ ಕೊಡ್ರಿ. ಮೈ ಸಿಗಲಿಲ್ಲ. ಮಣ್ಣ ಮಾಡಾಕ ಏನರ ಬೇಕಲ್ರಿ,” ಎಂದಳು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುವುದು. ಅಮ್ಮ ಗುದ್ದಲಿ ತಂದಳು. ದಾಸವಾಳದ ಗಿಡದ ಬುಡದಲ್ಲಿ, ಖಾಲಿ ಗೂಡಿನ ಎದುರಿಗೇ, ಇಬ್ಬರೂ ಮೊಣಕೈ ಆಳ ಅಗೆದರು. ಅಮ್ಮ ವಿಭೂತಿ ಹಾಕಿದಳು, ನಾನು ಪತ್ರೆ ಹಾಕಿದೆ. ಬೆರಳುದ್ದದ ಟ್ಯೂಬಿಗೆ ಮೂರು ಜನ ಹೆಂಗಸರು ಮಣ್ಣು ಹಾಕಿ ನಮಸ್ಕಾರ ಮಾಡಿದೆವು. ಬೇಲಿಯಾಚೆ ಸಪ್ಪಲಮ್ಮ ನೋಡುತ್ತಾ ನಿಂತಿದ್ದಳು, ನಗಲಿಲ್ಲ. ಕ್ರಮೇಣ ಆ ಗೂಡಿನಲ್ಲಿ ಅಮ್ಮ ತೆಂಗಿನ ಚಿಪ್ಪು ತುಂಬಿಟ್ಟಳು.

ರಾಜಶ್ರೀ ಥೀಸಿಸ್ ಮುಗಿಸಿದಳು. ಫ್ರೀಜರಿನ ದೊಡ್ಡ ಬಾಟಲಿಯನ್ನು ಮಾತ್ರ ಕೊನೆಯವರೆಗೂ ಮುಟ್ಟಲಿಲ್ಲ. ಹೆಬ್ಬೆರಳನ್ನು ಹಿಡಿದರೆ ಕಿಣ್ವ ನಿಲ್ಲುತ್ತದೆ ಎಂಬುದು ದೊಡ್ಡ ಪತ್ರಿಕೆಯಲ್ಲಿ ಬಂತು. ವಿಜಯಕುಮಾರ್‌ಗೆ ಹೆಸರಾಯಿತು, ಅವರು ಅಲ್ಲಿಗೇ ಮುಖ್ಯಸ್ಥರಾದರು. ರಾಜಶ್ರೀ ಬನಶಂಕರಿಯ ಒಂದು ಪಿ.ಯು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಲು ಸೇರಿದಳು. ಮತ್ತೆ ಮೊಲ ಮುಟ್ಟುವ ಕೆಲಸಕ್ಕೆ ಹೋಗಲಿಲ್ಲ. ನಮ್ಮ ಮೇಲಿನ ಕೋಣೆಯನ್ನೂ ಬಿಡಲಿಲ್ಲ. ಅಷ್ಟು ಹೊತ್ತಿಗೆ ಅವಳು ಬಾಡಿಗೆಯವಳು ಎಂಬುದು ನಮಗೂ ಮರೆತಿತ್ತು.

ನಾನು ಮಾತ್ರ ಆ ಮನುಷ್ಯನನ್ನು ನೆನೆದಾಗಲೆಲ್ಲ ಶಪಿಸುತ್ತಿದ್ದೆ. ನೆಚ್ಚಿದ ಎಮ್ಮೆ ಕೋಣ ಈಯಿತು ಎಂದು ಅಮ್ಮ ದನಿಗೂಡಿಸುತ್ತಿದ್ದಳು. ಆಗೆಲ್ಲ ರಾಜಶ್ರೀ ಒಂದೇ ಮಾತು ಹೇಳುತ್ತಿದ್ದಳು, “ಬಿಡ್ರಿ ಅಕ್ಕಾ. ಅವರಿಗೂ ಒಳಗ ಚುಚ್ಚತಿರತೈತಿ. ಹೇಳಾಕ ಬರಂಗಿಲ್ಲ, ಅಷ್ಟ.” ಪ್ರತಿ ಆಯುಧಪೂಜೆಗೂ ಅವಳು ದಾಸವಾಳದ ಬುಡಕ್ಕೆ ಕುಂಕುಮ ಹಾಕುವಾಗ, “ಇವತ್ತ ಸರ್‌ಗೂ ನೆನಪಾಗಿರತೈತಿ,” ಎನ್ನುವಳು. ನನಗೆ ರೇಗುತ್ತಿತ್ತು. ಆದರೆ ಆ ನಂಬಿಕೆಯಿಂದ ಅವಳಿಗೆ ರಾತ್ರಿ ನಿದ್ದೆ ಬರುತ್ತದಲ್ಲ ಎಂದು ಸುಮ್ಮನಾಗುತ್ತಿದ್ದೆ.

ಎರಡು ಸಾವಿರದ ಮೂರರಲ್ಲಿ ಒಂದು ಭಾನುವಾರ ಬೆಳಗ್ಗೆ ನಮ್ಮ ಮನೆಯ ಮುಂದೆ ಕಾರು ನಿಂತಿತು. ಇಳಿದವರು ವಿಜಯಕುಮಾರ್. ಕೂದಲು ಬೆಳ್ಳಗಾಗಿತ್ತು, ವಿಭೂತಿ ಹಾಗೇ ಇತ್ತು, ಕೈಯಲ್ಲಿ ಸ್ವೀಟ್ ಬಾಕ್ಸ್. ರಾಜಶ್ರೀ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಕೊನೆಗೂ ಹೇಳಲು ಬಂದರು ಎಂದು ಅವಳು ಅಂದುಕೊಂಡಿದ್ದಳು. ಓಡಿಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿ, ಕುರ್ಚಿ ಹಾಕಿದಳು. ಕಾಫಿ ತಂದವಳು ನಾನು. ಸಕ್ಕರೆ ಬೇಕೇ ಎಂದು ಕೇಳಲಿಲ್ಲ.

ಅವರು ಅದೂ ಇದೂ ಮಾತಾಡಿ ವಿಷಯಕ್ಕೆ ಬಂದರು. “ಆ ಥಂಬ್ ಆಂಟಿಬಾಡಿ ಖಾಲಿ ಆಗೋಯ್ತಮ್ಮ. ಮತ್ತೆ ಮೊಲಗಳಿಗೆ ಅದೇ ಪೀಸ್ ಕೊಟ್ಟು ಮಾಡಿಸಿದ್ವಿ. ಎಲ್ಲಾ ಹೋಗಿ ಹಿಡ್ಕೊಳ್ತವೆ, ಒಂದೂ ಕಿಣ್ವನ ನಿಲ್ಲಿಸ್ತಿಲ್ಲ. ಈಗ ಹೊರಗಿನವರು ನಮ್ಮ ರಿಸಲ್ಟೇ ಸುಳ್ಳು ಅಂತಿದ್ದಾರೆ. ನಿನ್ನ ಥೀಸಿಸ್ಸೂ ಅದ್ರಲ್ಲೇ ಬರುತ್ತೆ. ನೀನು ಅಚ್ಚುಕಟ್ಟಿನ ಹುಡುಗಿ, ಎಲ್ಲಾದ್ರೂ ಒಂದು ಟ್ಯೂಬ್ ಎತ್ತಿಟ್ಟಿರ್ತೀಯ ಅಂತ ಬಂದೆ.”

ಒಂದೊಂದು ಮೊಲದ ಮೈ ಒಂದೊಂದು ಥರ ಎಂದು ರಾಜಶ್ರೀ ನನಗೆ ಎಂದೋ ಹೇಳಿದ್ದಳು. ಒಂದೇ ಚೂರು ಚುಚ್ಚಿದರೂ ಎರಡು ಮೊಲ ಒಂದೇ ಪ್ರತಿಕಾಯ ಕೊಡುವುದಿಲ್ಲ. ಅದು ಇವರಿಗೂ ಗೊತ್ತಿತ್ತು. ಬಸವ ಬದುಕಿದ್ದರೆ ಮೂಲಂಗಿ ಸೊಪ್ಪು ತಿಂದುಕೊಂಡು, ಕಿವಿಯಿಂದ ಇನ್ನೂ ಒಂದೆರಡು ಹನಿ ಕೊಡುತ್ತಿದ್ದನೋ ಏನೋ.

“ಯಾವ ಮೊಲದ್ದು ಸರ್?” ಎಂದಳು ರಾಜಶ್ರೀ.

“ಅದೇಮ್ಮ, ಥಂಬಿಂದು. ನಂಬರ್ ಮರೆತೆ.”

“ಅದಕ್ಕ ಒಂದ ಹೆಸರಿತ್ತಲ್ರಿ ಸರ್.”

ಅವರು ಕಾಫಿ ಲೋಟ ಕೆಳಗಿಟ್ಟು ಯೋಚಿಸಿದರು. ನಾಟಕವಲ್ಲ, ನಿಜಕ್ಕೂ ಯೋಚಿಸಿದರು. ಆಮೇಲೆ ನಕ್ಕು, “ಮೊಲಕ್ಕೆ ಹೆಸರಿತ್ತಾ?” ಎಂದರು.

ರಾಜಶ್ರೀ ನೆನಪಿಸಿದಳು, “ಆಯುಧಪೂಜಿ ದಿವಸ ನೀವು ಒಂದ ಮಾತ ಹೇಳಿದ್ರಿ.”

“ಆಯುಧಪೂಜೆ ಈಗ್ಲೂ ಮಾಡ್ತೀವಮ್ಮ, ಬಾ ಈ ಸಲ. ಪುಳಿಯೋಗರೆ ಅದೇ ಭಟ್ಟರದ್ದೇ.”

ಅವಳು ಎದ್ದು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ನಾನೂ ಹಿಂದೆಯೇ ಹೋದೆ. ದಾಸವಾಳ ಆಗ ಆಳೆತ್ತರ ಬೆಳೆದಿತ್ತು. “ಒಂದ ಟ್ಯೂಬ್ ಉಳದಿತ್ರಿ ಸರ್. ಇಲ್ಲಿ ಮಣ್ಣ ಮಾಡೀನಿ.”

ಅವರು ಗಿಡ ನೋಡಿದರು, ಅವಳ ಮುಖ ನೋಡಿದರು. ಈಗಲಾದರೂ ನೆನಪಾಗುತ್ತದೆ, ಈಗಲಾದರೂ ತಲೆ ತಗ್ಗಿಸುತ್ತಾರೆ ಎಂದು ನಾನು ಕಾದೆ.

“ಟ್ಯೂಬಿನ ಬಾಯಿಗೆ ಪ್ಯಾರಾಫಿಲ್ಮ್ ಸುತ್ತಿದ್ಯಾ?” ಎಂದು ಕೇಳಿದರು.

“ಸುತ್ತಿದ್ದೆ ಸರ್.”

“ಹಂಗಾದ್ರೆ ನೀರು ಹೋಗಿರಲ್ಲ. ಸ್ವಲ್ಪನಾದ್ರೂ ಉಳಿದಿರಬಹುದು. ಒಂದ್ಸಲ ಅಗೆದು ನೋಡೋಣ್ವಾ? ಗುದ್ದಲಿ ಇದ್ಯಾ ಮನೇಲಿ?” ಎಂದು ಆಗಲೇ ತೋಳು ಮಡಿಸತೊಡಗಿದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಹೊರಗೆ ಬಂದಳು. ದನಿ ಏರಿಸಲಿಲ್ಲ. “ಹಣೆಮೇಲೆ ವಿಭೂತಿ ಇಟ್ಕೊಂಡಿದ್ದೀರಲ್ಲ ಸ್ವಾಮಿ. ಮಣ್ಣು ಮಾಡಿದ್ದನ್ನ ನಿಮ್ಮ ಮನೇಲಿ ಅಗೀತಾರಾ? ಹೊರಡಿ ನೀವು.”

ಅವರಿಗೆ ಏನು ತಪ್ಪಾಯಿತೆಂದು ತಿಳಿಯಲೇ ಇಲ್ಲ. ಕಾರಿನ ಬಾಗಿಲು ತೆಗೆದವರು ನನ್ನ ಕಡೆ ತಿರುಗಿ, “ಪಾಪ, ತುಂಬಾ ಸೆನ್ಸಿಟಿವ್ ಹುಡುಗಿ,” ಎಂದು ಮೆಲ್ಲಗೆ ಹೇಳಿ ಹೋದರು.

ಹಿತ್ತಲಿಗೆ ಬಂದು ನೋಡಿದರೆ ರಾಜಶ್ರೀ ಗೂಡಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಬಸವ ಸತ್ತಾಗ ಅಳದವಳು ಅಳುತ್ತಿದ್ದಳು. ಥೀಸಿಸ್‌ನ ಹೆಸರು ಕೆಟ್ಟಿತೆಂದು ಅಳುತ್ತಿದ್ದಾಳೆ ಎಂದುಕೊಂಡು, “ಬಿಡೇ, ನಿಜ ಏನು ಅಂತ ನಿಂಗೊತ್ತಲ್ಲ,” ಎಂದೆ.

ಅವಳು ತಲೆಯಾಡಿಸಿದಳು. “ಅದಲ್ರಿ ಕಮಲಕ್ಕಾ. ಇಷ್ಟ ವರ್ಷ ಅವರಿಗೂ ಚುಚ್ಚತೈತಿ ಅನ್ಕೊಂಡಿದ್ದೆ. ಈ ದುಃಖದಾಗ ನನಗ ಅವರೂ ಜೋಡಿ ಅದಾರ ಅಂತ ತಿಳಕೊಂಡಿದ್ದೆ. ಅವರಿಗೆ ಅದರ ಹೆಸರ ನೆನಪಿಲ್ಲ.”

ನಾನು ಹೋಗಿ ಅವಳ ಪಕ್ಕದಲ್ಲಿ ಕೂತುಕೊಂಡೆ.